ಮೂವತ್ತೊಂದು ಪೌಂಡ್ ಮದ್ದು

ಕೋಲ್ಟರ್ ಕ್ರೀಕ್, ಮೊಂಟಾನಾ
29 ಸೆಪ್ಟೆಂಬರ್ 1996

ಲೈಲ್,

ಮೊದಲೇ ಹೇಳಿಬಿಡುತ್ತೇನೆ, ಮನೆ ನಿಂತಿದೆ, ನಾನೂ ನೆಟ್ಟಗಿದ್ದೇನೆ. ಮಂಗಳವಾರ ಈ ವರ್ಷ ಮೊದಲ ಸಲ ಸೌದೆ ಒಲೆ ಹಚ್ಚಿದೆ. ಹೊಗೆಗೂಡು ಉಜ್ಜಿರಲಿಲ್ಲ. ಅದು ನಿನ್ನ ಕೆಲಸವಾಗಿತ್ತು, ನನಗೆ ನೆನಪೇ ಆಗಲಿಲ್ಲ. ಅರ್ಧ ಗಂಟೆಯೊಳಗೆ ಗೂಡಿನಲ್ಲಿ ಬೆಂಕಿ ಹತ್ತಿ, ರೈಲು ಹೋದ ಹಾಗೆ ಸದ್ದು. ಊರಿನ ಬೆಂಕಿ ದಳ ಬಂತು. ಬೆಂಕಿ ದಳ ಅಂದರೆ ಅದೇ ಹಳೆಯ ಲಾರಿ, ಅದೇ ಆರು ಜನ, ಮುಂದೆ ನಿನ್ನ ಗೆಳೆಯ ವೆಂಡೆಲ್.

ಬೆಂಕಿ ಆರಿದ ಮೇಲೆ ಅವನು ನೆಲಮಾಳಿಗೆಗೆ ಇಳಿದು ನಿನ್ನ ಕೋವಿಗಳ ಉಕ್ಕಿನ ತಿಜೋರಿ ತೆಗೆಸಿದ. ಒಳಗೆ ತೋಟಾ ತುಂಬುವ ಮದ್ದಿನ ಡಬ್ಬಿಗಳು.

"ಯಾವ ಮಹಾನುಭಾವ ಇದನ್ನ ಇಲ್ಲಿ ಇಟ್ಟಿದ್ದು?" ಅಂದ.

"ನಾನೇ," ಅಂದೆ.

"ಅಯ್ಯೋ ಮಾರಾಯ್ತಿ! ಶೆಲ್ಫಿನ ಮೇಲಿದ್ರೆ ಇದು ಬುಸ್ ಅಂತ ಉರಿದು ಹೋಗತ್ತೆ, ಅಷ್ಟೇ. ಉಕ್ಕಿನೊಳಗೆ ಬೀಗ ಹಾಕಿಟ್ರೆ ಬಾಂಬು! ನನ್ನ ಹುಡುಗ್ರು ಇದರ ಮೇಲಿನ ಮಹಡೀಲಿ ನಿಂತು ನೀರು ಹೊಡೀತಿದ್ರಲ್ಲೇ!"

ಆ ಮನುಷ್ಯ ಹೆದರಿದ್ದನ್ನು ನಾನು ನೋಡಿದ್ದು ಇದೇ ಮೊದಲು. ನನಗೆ ಅಳು ಬಂದುಬಿಟ್ಟಿತು. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ ಅಂದುಕೊಂಡಿದ್ದೆ. ನೀನು ಅಲಾಸ್ಕಾಕ್ಕೆ ಹೋದ ವಾರ ಒಂದೊಂದೇ ಡಬ್ಬಿಯನ್ನು ಸರಿಯಾಗಿ ನೋಡದೆ ಒಳಗಿಟ್ಟು ಬೀಗ ಹಾಕಿದ್ದೆ. ಬಟ್ಟೆ ಒಗೆಯಲು ಇಳಿದಾಗಲೆಲ್ಲ ಅವು ಕಣ್ಣಿಗೆ ಬೀಳುವುದು ಬೇಡವಾಗಿತ್ತು.

ವೆಂಡೆಲ್ ಎಲ್ಲವನ್ನೂ ಹೊರಗೆ ತೆಗೆದು ನಿನ್ನ ಮೇಜಿನ ಮೇಲೆ ಸಾಲಾಗಿಟ್ಟ. ಎಂಟೆಂಟು ಪೌಂಡಿನವು ಮೂರು, ಒಂದೊಂದು ಪೌಂಡಿನವು ಏಳು. ಒಟ್ಟು ಮೂವತ್ತೊಂದು ಪೌಂಡ್. ಕಾನೂನು ನಿನಗೆ ಗೊತ್ತೇ ಇದೆ. ಕಂಪನಿಯ ಡಬ್ಬಿಯಲ್ಲೇ ಇದ್ದರೆ ಇಪ್ಪತ್ತು ಪೌಂಡಿನವರೆಗೆ ಮನೆಯಲ್ಲಿ ಹಾಗೇ ಇಡಬಹುದಂತೆ. ಇಪ್ಪತ್ತು ದಾಟಿದರೆ, ಐವತ್ತರವರೆಗೆ, ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕಂತೆ.

"ಹನ್ನೊಂದು ಪೌಂಡ್ ನಂಗೆ ಕೊಟ್ಬಿಡು, ಶೂಟಿಂಗ್ ಕ್ಲಬ್ಬಿನೋರು ಬಳಸ್ಕೋತಾರೆ. ಇಲ್ಲಾ ಪೆಟ್ಟಿಗೆ ಮಾಡ್ಸು. ಕ್ರಿಸ್ಮಸ್ ಒಳಗೆ ಬಂದು ನೋಡ್ತೀನಿ," ಅಂತ ಹೇಳಿ ಹೋದ.

ಮದ್ದು ನಿನ್ನದು, ಅದಕ್ಕೆ ಕೇಳುತ್ತಿದ್ದೇನೆ. ಕೊಟ್ಟುಬಿಡಲೋ, ಪೆಟ್ಟಿಗೆ ಮಾಡಿಸಲೋ? ಇಷ್ಟು ಕೇಳುವುದಕ್ಕೆ ಎರಡು ಹಾಳೆ ಬೇಕಿರಲಿಲ್ಲ, ಗೊತ್ತು. ನೀನು ಹೋಗಿ ಹದಿನಾರು ತಿಂಗಳಾಯಿತು.

ಆರ್ಡಿಸ್


ಹರ್ಲಿ ಕೋವ್, ಅಲಾಸ್ಕಾ
9 ಅಕ್ಟೋಬರ್ 1996

ಆರ್ಡಿಸ್,

ನೆಟ್ಟಗಿದ್ದೇನೆ ಅಂತ ಮೊದಲ ಸಾಲಿನಲ್ಲೇ ಬರೆದದ್ದು ಒಳ್ಳೆಯದಾಯಿತು. ಮುಂದಿನದನ್ನು ನಿಂತುಕೊಂಡು ಓದಲಾಗಲಿಲ್ಲ.

ಹೊಗೆಗೂಡಿನ ವಿಷಯ ನಾನು ಬರೆಯಬೇಕಿತ್ತು. ಉಜ್ಜುವ ಬ್ರಷ್ಷು ಗ್ಯಾರೇಜಿನ ತೊಲೆಯ ಮೇಲಿದೆ. ವೆಂಡೆಲ್ ಹೇಳಿದ್ದು ಸರಿ, ಮದ್ದನ್ನು ಎಂದೂ ಉಕ್ಕಿನೊಳಗೆ ಬಿಗಿಯಬಾರದು. ಅದೂ ನಾನು ಹೇಳಿ ಹೋಗಬೇಕಿತ್ತು. ಹೇಳದೆ ಬಂದದ್ದು ಬಹಳ ಇದೆ.

ಪೆಟ್ಟಿಗೆ ಗಿಟ್ಟಿಗೆ ಬೇಡ. ಹನ್ನೊಂದಲ್ಲ, ಎಲ್ಲವನ್ನೂ ವೆಂಡೆಲ್‌ಗೆ ಕೊಟ್ಟುಬಿಡು. ನಾನು ಇನ್ನು ಆ ಮೇಜಿಗೆ ಕೂರುವವನಲ್ಲ. ಒಂದನ್ನು ಮಾತ್ರ ಕೊಡಬೇಡ. ಎಂಟು ಪೌಂಡಿನದೊಂದು ಡಬ್ಬಿಗೆ ಹಿಂದುಗಡೆ ಬಿಳಿ ಟೇಪು ಅಂಟಿಸಿದ್ದೇನೆ. ಅದನ್ನು ಯಾರ ಕೈಗೂ ಕೊಡದೆ ಹಿತ್ತಲಿನ ರೂಬಾರ್ಬ್ ಗಿಡಗಳ ಪಾತಿಗೆ ತೆಳ್ಳಗೆ ಚೆಲ್ಲು, ಗೊಬ್ಬರವಾಗುತ್ತದೆ. ಯಾಕೆ ಅಂತ ಕೇಳಬೇಡ.

ಇಲ್ಲಿ ಮೀನಿನ ಸೀಸನ್ ಮುಗಿದು ಎಲ್ಲರೂ ಹೋದರು. ಏಪ್ರಿಲ್ ಹತ್ತರವರೆಗೆ ಈ ಇಡೀ ಕಾರ್ಖಾನೆಗೆ ನಾನೊಬ್ಬನೇ ಕಾವಲು. ಗುರುವಾರಕ್ಕೊಮ್ಮೆ ಟಪಾಲಿನ ವಿಮಾನ ನೀರಿನ ಮೇಲೆ ಇಳಿಯುತ್ತದೆ, ಹವೆ ಚೆನ್ನಾಗಿದ್ದರೆ.

ಲೈಲ್


ಕೋಲ್ಟರ್ ಕ್ರೀಕ್
19 ಅಕ್ಟೋಬರ್ 1996

ಲೈಲ್,

ನಿನ್ನ ಕಾಗದ ಬಂತು. ಕೊಟ್ಟುಬಿಡು ಅಂತ ಎಷ್ಟು ಸಲೀಸಾಗಿ ಬರೆದೆ! ಮೂವತ್ತೆರಡು ವರ್ಷ ಗಂಡ ಹೆಂಡತಿಯಾಗಿ ಒಂದೇ ಮನೆಯಲ್ಲಿ ಇದ್ದವರು ನಾವು. ಇವತ್ತು ಮದ್ದು ಕೊಟ್ಟುಬಿಡು ಅನ್ನುವವನು ನಾಳೆ ಅಂಗಿ ಕೊಟ್ಟುಬಿಡು ಅನ್ನುತ್ತಾನೆ, ನಾಡಿದ್ದು ಕುರ್ಚಿ. ನಾನು ಕೇಳಿದ್ದು ಮದ್ದಿನ ಬಗ್ಗೆ ಮಾತ್ರವಲ್ಲ, ಅದು ನಿನಗೂ ಗೊತ್ತು.

ಕೊಡುವುದಿಲ್ಲ. ಪೆಟ್ಟಿಗೆ ಮಾಡಿಸುತ್ತೇನೆ. ಅಳತೆ ಕಳಿಸು.

ಆಗಲೇ ಒಂದು ಜಗಳ ಆಯಿತು. ಒಂದಿಂಚಿನ ಹಲಗೆ ಅಂತ ಹೇಳಿ ಮರದ ಅಂಗಡಿಯಿಂದ ತಂದೆ. ಅಳತೆಪಟ್ಟಿ ಹಿಡಿದರೆ ಮುಕ್ಕಾಲು ಇಂಚು! ಹೊತ್ತುಕೊಂಡು ಹೋಗಿ ಕೌಂಟರಿನ ಮೇಲೆ ಕುಕ್ಕಿ, ಮೋಸ ಅಂದೆ. ವೆಂಡೆಲ್ ಅಲ್ಲೇ ಮೊಳೆ ಕೊಳ್ಳುತ್ತಿದ್ದ. ಅಂಗಡಿಯವನ ಮುಂದೆಯೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಮರದಂಗಡಿ ಇಂಚೇ ಬೇರೆ ಕಣೇ, ಕೀಸಿದ ಮೇಲೆ ಅಷ್ಟೇ ಉಳಿಯೋದು. ಕಾನೂನೂ ಅದೇ ಇಂಚು ಲೆಕ್ಕ ಹಿಡಿಯೋದು. ಹೊತ್ಕೊಂಡು ಮನೆಗೆ ನಡಿ," ಅಂದ. ಎಡಗಣ್ಣೊಂದೇ ನಗುತ್ತದೆ ಈಗ ಅವನದು. ಬಲಗಣ್ಣಿಗೆ ಕಟ್ಟಿದ ಕಪ್ಪು ಪಟ್ಟಿಗೆ ಊರೆಲ್ಲ ಒಗ್ಗಿಹೋಗಿದೆ. ನೀನೊಬ್ಬ ಒಗ್ಗಲಿಲ್ಲ.

ಆ ಟೇಪಿನ ಡಬ್ಬಿಯನ್ನು ನೋಡಿದೆ. ಟೇಪಿನ ಮೇಲೆ ನಿನ್ನ ಅಕ್ಷರ: "ಬಳಸಬಾರದು. ಚಕ್ಕೆ ಮದ್ದು ಬೆರೆತಿದೆ. ತಪ್ಪು ನನ್ನದು. ಅಕ್ಟೋಬರ್ 1994." ವೆಂಡೆಲ್‌ಗೆ ಕೊಟ್ಟ ತೋಟಾದಲ್ಲಿ ಮದ್ದು ಎರಡು ಸಲ ತುಂಬಿಬಿಟ್ಟೆ, ಅದಕ್ಕೇ ಅವನ ಕೋವಿ ಸಿಡಿದು ಕಣ್ಣು ಹೋಯಿತು ಅಂತ ಅಲ್ಲವೇ ನೀನು ಎಲ್ಲರಿಗೂ ಹೇಳಿದ್ದು? ನನಗೂ ಅದನ್ನೇ ಹೇಳಿದ್ದೆ. ಬೆರಕೆಯ ಮಾತು ಯಾವತ್ತೂ ಎತ್ತಲಿಲ್ಲ.

ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆ ವರ್ಷ ಎಲ್ಕ್ ಜಿಂಕೆಯ ಬೇಟೆ ಶುರುವಾಗುವ ಹಿಂದಿನ ಶನಿವಾರ ನಾವಿಬ್ಬರೂ ನನ್ನ ಪಿಸ್ತೂಲಿನ ತೋಟಾ ತುಂಬುತ್ತಿದ್ದೆವು. ಚರ್ಚಿನಲ್ಲಿ ಲೂಟಫಿಸ್ಕ್ ಮೀನಿನ ಊಟ ಇತ್ತು, ಮೊದಲ ಪಂಕ್ತಿಗೆ ಹೊತ್ತಾಗಿತ್ತು. ಆವತ್ತು ಮೇಜು ಖಾಲಿ ಮಾಡಿದ್ದು ಯಾರು? ನಿನಗೆ ನೆನಪಿದೆಯೇ?

ಆರ್ಡಿಸ್


ಹರ್ಲಿ ಕೋವ್
6 ನವೆಂಬರ್ 1996

ಆರ್ಡಿಸ್,

ಪೆಟ್ಟಿಗೆ ಹೀಗೆ ಮಾಡಿಸು. ಒಳಗೆ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಬ್ಬಿಣದ ಪಟ್ಟಿ ಬಡಿಸಬೇಡ. ಮೊಳೆ ಮಿತವಾಗಿರಲಿ, ಮುಚ್ಚಳ ಹಗುರವಾಗಿ ಕೂರಲಿ. ಬೆಂಕಿ ಬಿದ್ದರೆ ಪೆಟ್ಟಿಗೆ ಸುಲಭವಾಗಿ ಬಾಯಿ ಬಿಡಬೇಕು, ಒಳಗಿನದು ಉರಿದು ಹೋಗಬೇಕು. ಗಟ್ಟಿಯಾಗಿ ಮಾಡಿ ಒಳ್ಳೆಯದು ಮಾಡಿದೆ ಅಂದುಕೊಳ್ಳಬೇಡ. ಬಾಯ್ಲರಿನಿಂದ, ನೀರು ಕಾಯಿಸುವ ಹಂಡೆಯಿಂದ ದೂರ ಇರಲಿ, ಬಣ್ಣದ ಡಬ್ಬಿ ಸೀಮೆಎಣ್ಣೆ ಪಕ್ಕಕ್ಕೆ ಬೇಡ. ನೆಲದ ತೇವ ತಾಗದಂತೆ ಕೆಳಗೆ ಎರಡು ಇಟ್ಟಿಗೆ ಕೊಡು. ಎಲ್ಲವೂ ಅವವೇ ಡಬ್ಬಿಗಳಲ್ಲಿರಲಿ. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ ನೋಡು, ಹುಳಿ ವಾಸನೆ ಬಂದರೆ ಕೆಟ್ಟಿದೆ ಅಂತ.

ಮನೆ ಮಾರುವ ಯೋಚನೆಯಿಂದ ಇಷ್ಟೆಲ್ಲ ಮಾಡುತ್ತಿದ್ದರೆ ಮಾಡು. ನಾನು ಅಡ್ಡ ಬರುವುದಿಲ್ಲ. ಕಾಗದಪತ್ರ ಕಳಿಸು, ರುಜು ಹಾಕಿ ಕಳಿಸುತ್ತೇನೆ.

ಆ ಶನಿವಾರದ ಮಾತು ಯಾಕೆ ಎತ್ತಿದೆ? ನನ್ನ ಮೇಜು ಯಾವತ್ತೂ ನಾನೇ ಖಾಲಿ ಮಾಡುವುದು. ಆವತ್ತು ಮಾಡಿದ ನೆನಪು ಮಾತ್ರ ಇಲ್ಲ. ಅದೇ ನನ್ನನ್ನು ತಿನ್ನುವುದು. ಅಪಘಾತ ಆದ ಮೇಲೆ ಉಳಿದ ತೋಟಾಗಳನ್ನು ಬಿಚ್ಚಿ ನೋಡಿದೆ. ಕೋವಿಯ ಕಡ್ಡಿ ಮದ್ದಿನ ಜೊತೆ ಪಿಸ್ತೂಲಿನ ಚಕ್ಕೆ ಮದ್ದು, ಅದು ತೀರ ಬೇಗ ಉರಿದು ಕೋವಿಯನ್ನೇ ಸಿಡಿಸುತ್ತದೆ. ಅಳತೆಯ ಕೊಳವೆಯಲ್ಲಿ ಉಳಿದ ಚಕ್ಕೆಯನ್ನು ತಪ್ಪು ಡಬ್ಬಿಗೆ ಸುರಿದಿದ್ದೇನೆ, ಸುರಿದದ್ದೂ ನೆನಪಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದವನು ಇಂಥದ್ದನ್ನು ಮಾಡಿ ಮರೆತಿದ್ದಾನೆ ಅಂದರೆ ಅವನ ತಲೆ ಕೆಟ್ಟಿದೆ ಅಂತಲೇ ಅರ್ಥ. ಅಂಥವನು ಜನರ ನಡುವೆ ಇರಬಾರದು. ಅದಕ್ಕೇ ಎರಡು ಸಲ ತುಂಬಿದೆ ಅಂತ ಸುಳ್ಳು ಹೇಳಿದೆ. ಕೈ ತಪ್ಪಿತು ಅಂದರೆ ಜನ ಕ್ಷಮಿಸುತ್ತಾರೆ. ಈಗ ನಿನಗೆ ಗೊತ್ತಾಯಿತಲ್ಲ, ಸಾಕು. ಇನ್ನು ಕೆದಕಬೇಡ.

ಸಂಜೆ ಮೂರೂವರೆಗೆಲ್ಲ ಇಲ್ಲಿ ಕತ್ತಲೆ. ಒಬ್ಬನೇ ಆಲೂಗೆಡ್ಡೆ ಬೇಯಿಸಿಕೊಂಡು ತಿನ್ನುತ್ತೇನೆ. ನೀನು ತಕ್ಕಡಿಯಲ್ಲಿ ಮದ್ದು ತೂಗುವಾಗ ಮುಳ್ಳು ಅಲ್ಲಾಡೀತೆಂದು ಉಸಿರು ಬಿಗಿ ಹಿಡಿಯುತ್ತಿದ್ದೆಯಲ್ಲ, ಆಮೇಲೆ ಒಂದೇ ಸಲ ಉಸ್ಸೆಂದು ಬಿಡುತ್ತಿದ್ದೆ. ಇಲ್ಲಿ ಅದು ಕೇಳಿಸುತ್ತದೆ. ಯಾಕೋ ಬರೆದೆ.

ಲೈಲ್


ಕೋಲ್ಟರ್ ಕ್ರೀಕ್
20 ನವೆಂಬರ್ 1996

ಪ್ರೀತಿಯ ಲೈಲ್,

ಮನೆ ಮಾರುವುದಿಲ್ಲ. ಆ ಮಾತು ನಿನಗೆ ಎಲ್ಲಿಂದ ಹೊಳೆಯಿತೋ! ನೀನು ಬಂದು ಕೂರುವ ಮೇಜನ್ನು ಬೇರೆಯವರಿಗೆ ಯಾಕೆ ಮಾರಲಿ?

ಈ ಕಾಗದವನ್ನು ನಾಲ್ಕು ಸಲ ಹರಿದು ಬರೆದಿದ್ದೇನೆ. ನಿನಗೆ ನೆನಪಿಲ್ಲದಿರುವುದು ನೀನು ಮಾಡದೆ ಇರುವುದರಿಂದ. ಮೇಜು ಖಾಲಿ ಮಾಡಿದ್ದು ನಾನು.

ನೀನು ಸ್ನಾನಕ್ಕೆ ಹೋಗಿದ್ದೆ. ಮೊದಲ ಪಂಕ್ತಿ ತಪ್ಪಿದರೆ ತಣ್ಣಗಾದ ಲೂಟಫಿಸ್ಕ್ ತಿನ್ನಬೇಕು, ನಿನಗೆ ಅದು ಆಗುವುದಿಲ್ಲ. ನಿನಗೊಂದು ಕೆಲಸ ಕಡಿಮೆಯಾಗಲಿ ಅಂತ ನಾನೇ ಕೊಳವೆ ಬಿಚ್ಚಿ ಉಳಿದ ಮದ್ದನ್ನು ಡಬ್ಬಿಗೆ ಸುರಿದೆ. ಮೇಜಿನ ಮೇಲೆ ಡಬ್ಬಿ ಎರಡಿದ್ದವು. ಒಂದೇ ಕಂಪನಿ, ಒಂದೇ ಹಸಿರು ಚೀಟಿ. ನನ್ನ ಕೈಗೆ ಹತ್ತಿರ ಇದ್ದದ್ದು ದೊಡ್ಡದು. ಸುರಿದು, ಮುಚ್ಚಿ, ಕೈ ತೊಳೆದು, ಕೋಟು ಹಾಕಿಕೊಂಡೆ. ಚರ್ಚಿನಲ್ಲಿ ನೀನು ಎರಡನೇ ಸಲ ಬೆಣ್ಣೆ ಹಾಕಿಸಿಕೊಂಡೆ. ಎಷ್ಟು ಖುಷಿಯಲ್ಲಿದ್ದೆವು ಆವತ್ತು.

ಎರಡು ಸಲ ತುಂಬಿದೆ ಅಂತ ನೀನು ಹೇಳಿದ್ದನ್ನು ನಂಬಿದ್ದೆ. ಹಾಗಾಗಿ ಆ ಶನಿವಾರದ ಕಡೆಗೆ ನನ್ನ ಯೋಚನೆ ಹೋಗಲೇ ಇಲ್ಲ. ಹೋದ ತಿಂಗಳು ಟೇಪು ಓದಿದಾಗ ನಾನು ಮಾಡಿದ್ದು ನೆನಪಾಯಿತು. ಆದರೂ ಆಗಲೇ ಬರೆಯಲಿಲ್ಲ, ಯಾರು ಖಾಲಿ ಮಾಡಿದ್ದು ಅಂತ ನಿನ್ನನ್ನೇ ಕೇಳಿದೆ. "ನಾನೇ, ಚೆನ್ನಾಗಿ ನೆನಪಿದೆ" ಅಂತ ನೀನು ಬರೆಯಲಿ ಅಂತ ಒಳಗೊಳಗೆ ಆಸೆಪಟ್ಟೆ. ಇಂಥ ಹೇಡಿ ನಿನ್ನ ಹೆಂಡತಿ.

ನಿನ್ನೆ ವೆಂಡೆಲ್‌ನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಎಲ್ಕ್ ಮಾಂಸ ಕೊಯ್ಯುತ್ತಿದ್ದ, ಚಾಕು ಕೆಳಗಿಟ್ಟ. ಆಮೇಲೆ ಕೇಳಿದ, "ಹಂಗಾದ್ರೆ ಒಂದು ಮೀನೂಟಕ್ಕೆ ನನ್ನ ಕಣ್ಣು ಹೋಯ್ತು ಅನ್ನು."

"ಹೂಂ."

"ಅದೂ ಲೂಟಫಿಸ್ಕು! ಹೋಗ್ಲಿ ಒಂದು ಒಳ್ಳೆ ಬಾಡೂಟಕ್ಕಾದ್ರೂ ಹೋಗಬಾರ್ದಿತ್ತಾ?" ಅಂದ. ನಾನು ಅಳುತ್ತಲೇ ನಕ್ಕೆ. ಆಮೇಲೆ ಅವನ ದನಿ ಬದಲಾಯಿತು. "ಕಣ್ಣು ಹೋಯ್ತು, ಸರಿ. ಅದಕ್ಕೆ ನಾನು ಅತ್ತಿದ್ದು ಒಂದು ತಿಂಗಳು. ಅವನ್ಯಾಕೆ ಹೋದ ಆರ್ಡಿಸ್? ಬೆಳಿಗ್ಗೆ ಕಾಫಿಗೆ ಹೋದ್ರೆ ಎದುರುಗಡೆ ಕುರ್ಚಿ ಖಾಲಿ. ಒಂದು ಕಾಗದ ಇಲ್ಲ ನಂಗೆ. ನಾನೇನು ಅವನ್ನ ಬೈದ್ನಾ?"

ನೀನು ತಲೆ ಕೆಟ್ಟವನಲ್ಲ ಲೈಲ್. ನಿನ್ನ ತಲೆ ನೆಟ್ಟಗಿದೆ. ನೀನು ಹೊತ್ತುಕೊಂಡು ಹೋದದ್ದು ನನ್ನದು. ನನ್ನ ಮೇಲೆ ಸಿಟ್ಟಾಗು, ಬೈದು ಬರೆ, ಏನಾದರೂ ಬರೆ. ಬರೆಯದೆ ಮಾತ್ರ ಇರಬೇಡ.

ಆರ್ಡಿಸ್


ಕೋಲ್ಟರ್ ಕ್ರೀಕ್
15 ಡಿಸೆಂಬರ್ 1996

ಪ್ರೀತಿಯ ಲೈಲ್,

ಪೆಟ್ಟಿಗೆ ಆಯಿತು. ವೆಂಡೆಲ್ ಗರಗಸ ಹಿಡಿದ, ನಾನು ಹಲಗೆ ಹಿಡಿದೆ. ಒಂದು ಕಣ್ಣಲ್ಲಿ ಗೆರೆ ಓರೆಯಾಗಿ ಕೊಯ್ದು, ಹಲಗೆಯದೇ ತಪ್ಪು ಅಂತ ಸಾಧಿಸಿದ. ಮುಚ್ಚಳ ನೀನು ಹೇಳಿದ ಹಾಗೆ ಹಗುರವಾಗಿ ಕೂರುತ್ತದೆ. ಆ ಟೇಪಿನ ಡಬ್ಬಿಯನ್ನು ಬೇರೆಯಾಗಿ ಶೆಲ್ಫಿನ ಮೇಲಿಟ್ಟಿದ್ದೇನೆ. ಪಾತಿಯ ಮೇಲೆ ಒಂದಡಿ ಹಿಮ ಇದೆ, ಈಗ ಚೆಲ್ಲಲಾಗುವುದಿಲ್ಲ.

ಅಂಚೆ ಕಚೇರಿಯ ಲೀನಾ ನನ್ನನ್ನು ಕಂಡರೆ ಕಾಗದ ಬಂದಿಲ್ಲ ಅಂತ ತಾನಾಗಿಯೇ ತಲೆ ಅಲ್ಲಾಡಿಸಿಬಿಡುತ್ತಾಳೆ, ನಾನು ಬಾಯಿ ತೆಗೆಯುವ ಮೊದಲೇ.

ಆರ್ಡಿಸ್


ಕೋಲ್ಟರ್ ಕ್ರೀಕ್
5 ಜನವರಿ 1997

ಲೈಲ್,

ಹಬ್ಬಕ್ಕೆ ಲೆಫ್ಸೆ ರೊಟ್ಟಿ ಮಾಡಿದೆ. ಇಬ್ಬರಿಗಾಗುವಷ್ಟೇ ಹಿಟ್ಟು ಕಲಸುವುದು ಕೈಗೆ ರೂಢಿ, ಮೂರು ದಿನ ಅದನ್ನೇ ತಿಂದೆ.

ಇನ್ನು ಕೇಳುವುದಿಲ್ಲ. ನೀನು ಅಲ್ಲಿ ಆರೋಗ್ಯವಾಗಿದ್ದರೆ ಸಾಕು. ಅಷ್ಟನ್ನಾದರೂ ಆ ವಿಮಾನದವನ ಕೈಯಲ್ಲಿ ಹೇಳಿ ಕಳಿಸು.

ಆರ್ಡಿಸ್


ಹರ್ಲಿ ಕೋವ್
22 ಜನವರಿ 1997

ಪ್ರೀತಿಯ ಆರ್ಡಿಸ್,

ನಿನ್ನ ಕಾಗದ ಕೈಸೇರಿದ ಮೇಲೆ ಆರು ಗುರುವಾರ ಕಳೆದವು. ಎರಡು ಗುರುವಾರ ಹಿಮದಿಂದ ವಿಮಾನ ಬರಲಿಲ್ಲ. ಉಳಿದ ನಾಲ್ಕಕ್ಕೆ ನಾನೇ ಹೊಣೆ.

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಎರಡು ವರ್ಷ ನನ್ನ ತಲೆಯನ್ನೇ ನಾನು ನಂಬಲಿಲ್ಲ. ರಾತ್ರಿ ಬೀಗ ಹಾಕಿದೆನೋ ಇಲ್ಲವೋ ಅಂತ ಮೂರು ಮೂರು ಸಲ ಎದ್ದು ಹೋಗಿ ನೋಡಿದ್ದೇನೆ. ಅದೆಲ್ಲ ಒಂದು ಕೊಳವೆ ಮದ್ದಿಗಾಗಿ ಅಂತ ತಿಳಿದಾಗ ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಎಸೆದೆ. ತಗಡಿನ ಲೋಟ, ಒಡೆಯಲೂ ಇಲ್ಲ.

ಆಮೇಲೆ ನಿನ್ನ ಒಂದು ಸಾಲು ಮತ್ತೆ ಮತ್ತೆ ಓದಿದೆ. ಮೇಜಿನ ಮೇಲೆ ಡಬ್ಬಿ ಎರಡಿದ್ದವು ಅಂತ ಬರೆದಿದ್ದೀಯ. ಹೌದು, ಇದ್ದವು. ಎರಡನೆಯದನ್ನು ಇಟ್ಟವನು ನಾನು. ಊಟದಿಂದ ಬಂದ ಕೂಡಲೇ ವೆಂಡೆಲ್‌ನ ತೋಟಾಕ್ಕೆ ಕೂರಬೇಕು ಅಂತ ಮೊದಲೇ ಇಳಿಸಿಟ್ಟಿದ್ದೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಅಂತ ಮೊದಲ ದಿನವೇ ನಿನಗೆ ಹೇಳಿಕೊಟ್ಟವನು ನಾನು. ಕ್ಲಬ್ಬಿನಲ್ಲಿ ಅದೇ ಮಾತಿಗೆ ಹೊಸಬರನ್ನು ಎಷ್ಟು ಬೈದಿದ್ದೇನೆ! ನೀನು ಆ ಮಾತನ್ನು ನಂಬಿ ಕೈಗೆ ಸಿಕ್ಕ ಡಬ್ಬಿಗೆ ಸುರಿದೆ. ಆಮೇಲಾದರೂ, ಕೊಳವೆಗೆ ಹಾಕುವಾಗ ಬಗ್ಗಿ ನೋಡಿದ್ದರೆ ಚಕ್ಕೆ ಕಾಣಿಸುತ್ತಿತ್ತು. ನೋಡಲಿಲ್ಲ, ಹೊಟ್ಟೆ ತುಂಬಿತ್ತು, ನಿದ್ದೆ ಬರುತ್ತಿತ್ತು.

ಟೇಪಿನ ಮೇಲೆ ಬರೆದದ್ದು ಸುಳ್ಳಲ್ಲ ಆರ್ಡಿಸ್. ಇಡೀ ತಪ್ಪು ನನ್ನದು ಅಂತ ಬರೆದದ್ದು ಮಾತ್ರ ಸ್ವಲ್ಪ ಜಂಬ.

ಹೇಡಿ ನೀನಲ್ಲ, ನಾನು. ವೆಂಡೆಲ್ ಕಾಫಿಗೆ ಕರೆದಾಗಲೆಲ್ಲ ನೆಪ ಹೇಳಿದೆ, ಕೊನೆಗೆ ಎರಡು ಸಾವಿರ ಮೈಲಿ ದೂರದ ನೆಪ ಹುಡುಕಿದೆ. ಅವನಿಗೂ ಇವತ್ತು ಬರೆದಿದ್ದೇನೆ, ಇದರ ಜೊತೆಗೇ ಬರುತ್ತದೆ. ಅರ್ಧ ಹಾಳೆ ಬರೆಯುವುದಕ್ಕೆ ಮೂರು ದಿನ ಬೇಕಾಯಿತು.

ಏಪ್ರಿಲ್ ಹತ್ತಕ್ಕೆ ಇಲ್ಲಿಗೆ ಜನ ಬರುತ್ತಾರೆ, ಅದೇ ವಿಮಾನದಲ್ಲಿ ನಾನು ಹೊರಡುತ್ತೇನೆ. ಬಾ ಅಂತ ನೀನು ಒಂದು ಕಾಗದದಲ್ಲೂ ಬರೆದಿಲ್ಲ. ಬರೆಯುತ್ತೀಯಾ?

ಆ ಡಬ್ಬಿಯನ್ನು ನೀನೊಬ್ಬಳೇ ಚೆಲ್ಲಬೇಡ. ಹಿಮ ಕರಗಲಿ.

ನಿನ್ನ
ಲೈಲ್


ಕೋಲ್ಟರ್ ಕ್ರೀಕ್
2 ಫೆಬ್ರವರಿ 1997

ಪ್ರೀತಿಯ ಲೈಲ್,

ಬಾ.

ಇದನ್ನು ಬರೆಯಲು ಎರಡು ವರ್ಷ ಬೇಕಾಯಿತು ನೋಡು. ನೀನೇ ಬರುತ್ತೇನೆ ಅನ್ನಲಿ ಅಂತ ನಾನು, ನಾನೇ ಕರೆಯಲಿ ಅಂತ ನೀನು. ಇಬ್ಬರೂ ಸೇರಿ ಮದ್ದಿನ ಬಗ್ಗೆ ಕಾಗದ ಬರೆದೆವು.

ವೆಂಡೆಲ್ ಪೆಟ್ಟಿಗೆ ನೋಡುವ ನೆಪದಲ್ಲಿ ಬಂದಿದ್ದ. ಅಂಗಿಯ ಜೇಬಿನಲ್ಲಿ ನಿನ್ನ ಕಾಗದ ಇತ್ತು, ತೋರಿಸಲಿಲ್ಲ, ಜೇಬಿನ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದ. "ಆ ಎಂಟು ಪೌಂಡ್ ಚೆಲ್ಲಿದ್ರೆ ಉಳಿಯೋದು ಇಪ್ಪತ್ಮೂರು. ಮೂರು ಪೌಂಡ್ ನಂಗೆ ಕೊಟ್ರೆ ಪೆಟ್ಟಿಗೆನೇ ಬೇಕಾಗಿರಲಿಲ್ಲ," ಅಂತ ಕೆಣಕಿದ.

"ಕೊಡಲ್ಲ," ಅಂದೆ.

"ಗೊತ್ತಿತ್ತು ಬಿಡು. ಏಪ್ರಿಲ್‌ನಲ್ಲಿ ಬಸ್ ಸ್ಟಾಂಡಿಗೆ ನಾನೇ ಗಾಡಿ ತರ್ತೀನಿ. ಅವನ ಕೈಲಿ ಒಂದು ಎಲ್ಕ್ ತೋಟಾ ತುಂಬಿಸ್ಕೋತೀನಿ, ನನ್ನ ಕಣ್ಣೆದುರಿಗೇ," ಅಂದ. ತಡೆದು, "ಇರೋ ಕಣ್ಣೆದುರಿಗೆ," ಅಂದ.

ಇವತ್ತು ಬೆಳಿಗ್ಗೆ ನೆಲಮಾಳಿಗೆಗೆ ಇಳಿದು ಮೇಜು ಒರೆಸಿದೆ. ತಕ್ಕಡಿಯ ಧೂಳು ತೆಗೆದು ಮುಳ್ಳು ಸೊನ್ನೆಗೆ ನಿಲ್ಲಿಸಿದೆ. ಪೆಟ್ಟಿಗೆಯಿಂದ ಒಂದು ಪೌಂಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಮೂಸಿದೆ, ಹುಳಿ ವಾಸನೆ ಇಲ್ಲ, ನಿನ್ನ ಅಂಗಿಯ ವಾಸನೆ. ಮುಚ್ಚಿ ಒಳಗಿಟ್ಟೆ. ಈಗ ಮೇಜಿನ ಮೇಲೆ ಏನೂ ಇಲ್ಲ. ಕುರ್ಚಿ ಎರಡಿವೆ.

ಏಪ್ರಿಲ್ ಹತ್ತರ ವಿಮಾನ ತಪ್ಪಿಸಿಕೊಳ್ಳಬೇಡ.

ನಿನ್ನ
ಆರ್ಡಿಸ್